ಹೇಳದೆ ಕೇಳದೆ ಗೈರುಹಾಜರಿ

ಬಂಗಾಳಿ ಭಾಷೆಯಲ್ಲಿ ‘ಕಾಮಾಯಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಒಂದು, ಗಳಿಕೆ, ಉತ್ತರ ಕರ್ನಾಟಕದವರು ‘ಕಮಾಯಿ’ ಎಂದು ಬಳಸುವ ಅದೇ ಶಬ್ದ. ಇನ್ನೊಂದು, ಕೆಲಸಕ್ಕೋ ಶಾಲೆಗೋ ಹೋಗದೆ ಇರುವುದು. ಅಲಿಪುರದ ಮನೆಯೊಂದಕ್ಕೆ ಹೊಸದಾಗಿ ಬಂದಿಳಿದ ಕನ್ನಡ ಗೃಹಿಣಿಗೆ, ಕೆಲಸದವಳ ವಿಷಯದಲ್ಲಿ “ಅವಳು ಬಹಳ ಕಾಮಾಯಿ ಮಾಡುತ್ತಾಳೆ, ಜೋಕೆ” ಎಂದು ನೆರೆಯವರು ಎಚ್ಚರಿಸಿದರೆ, ಸಂಪಾದನೆ ಮಾಡಿದರೆ ತಪ್ಪೇನು ಎಂದು ಆಕೆ ಬೆರಗಾಗುವುದು ಸಹಜ. ಒಂದೇ ಶಬ್ದವು ಗಳಿಕೆಯನ್ನೂ ಗೈರುಹಾಜರಿಯನ್ನೂ ಸೂಚಿಸುವ ಊರಿನಲ್ಲಿ ಬಾಳುವವರು, ಇವೆರಡರ ನಡುವಣ ಲೆಕ್ಕವನ್ನು ಒಮ್ಮೆ ಕೂಡಿ ಕಳೆದು ನೋಡುವುದು ಅನುಚಿತವಾಗಲಾರದು.

ಅಲಿಪುರವಂತೂ ಹಾಜರಿಯ ಮೇಲೆಯೇ ನಿಂತ ಬಡಾವಣೆ. ಇಲ್ಲಿ ಜಿಲ್ಲಾ ನ್ಯಾಯಾಲಯವಿದೆ. 1952ರಲ್ಲಿ ಆರಂಭವಾದ ಟಂಕಸಾಲೆಯಿದೆ. ಬೆಲ್ವೆಡಿಯರ್ ಭವನದಲ್ಲಿ 1953ರಲ್ಲಿ ಸಾರ್ವಜನಿಕರಿಗೆ ತೆರೆದ ರಾಷ್ಟ್ರೀಯ ಗ್ರಂಥಾಲಯವಿದೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಬಿ. ಎಸ್. ಕೇಶವನ್ ಅವರೇ ಸ್ವತಂತ್ರ ಭಾರತದಲ್ಲಿ ಆ ಗ್ರಂಥಾಲಯದ ಮೊದಲ ಗ್ರಂಥಪಾಲಕರಾಗಿದ್ದರೆಂಬುದು ಕಲ್ಕತ್ತೆಯ ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಸಮೀಪದಲ್ಲಿಯೇ ಹವಾಮಾನ ಕಚೇರಿ. ಅಲ್ಲಿ ಗೊತ್ತಾದ ಗಳಿಗೆಗೆ ಉಷ್ಣಾಂಶವನ್ನೂ ಗಾಳಿಯ ಒತ್ತಡವನ್ನೂ ಓದಿ ಬರೆದಿಡಬೇಕು. ಓದುವವನು ಬಾರದೆ ಹೋದರೆ ಆ ಗಳಿಗೆಯ ಅಂಕೆಯನ್ನು ಮರುದಿನ ಬಂದು ಓದಲಾಗುವುದಿಲ್ಲ. ಪುಸ್ತಕದಲ್ಲಿ ಆ ಮನೆ ಶಾಶ್ವತವಾಗಿ ಖಾಲಿ. ಗುಮಾಸ್ತೆಯ ಕೆಲಸವನ್ನು ನಾಳೆಗೆ ದೂಡಬಹುದು. ಎಲ್ಲ ಕೆಲಸಗಳೂ ಹಾಗಲ್ಲ.

ಬ್ಯಾಂಕಿನ ಸಂಗತಿಯನ್ನೇ ತೆಗೆದುಕೊಳ್ಳಬಹುದು. ಶಾಖೆಯ ತಿಜೋರಿಗೆ ಎರಡು ಬೀಗದ ಕೈಗಳು, ಇಬ್ಬರ ವಶದಲ್ಲಿ. ಇಬ್ಬರೂ ಕೂಡಿ ಬಂದ ಹೊರತು ಅದು ತೆರೆಯದು. ಒಬ್ಬನು ಮುಂಚಿನ ದಿನವೇ “ನಾಳೆ ಬರಲಾರೆ” ಎಂದು ಹೇಳಿದರೆ ಕೈಯನ್ನು ಇನ್ನೊಬ್ಬರಿಗೆ ದಾಖಲೆ ಮಾಡಿ ಒಪ್ಪಿಸಲಾಗುತ್ತದೆ, ಯಾರಿಗೂ ತೊಂದರೆಯಿಲ್ಲ. ಅದೇ ವ್ಯಕ್ತಿ ಹೇಳದೆ ಉಳಿದರೆ, ಹತ್ತು ಗಂಟೆಗೆ ಪಿಂಚಣಿ ಪಡೆಯಲು ಬಂದ ವೃದ್ಧರು ಹನ್ನೆರಡರವರೆಗೆ ಬೆಂಚಿನ ಮೇಲೆ ಕುಳಿತಿರುತ್ತಾರೆ. ಎರಡು ಸಂದರ್ಭಗಳಲ್ಲಿಯೂ ಬಾರದೆ ಹೋದದ್ದು ಒಂದೇ ದಿನ. ಆದುದರಿಂದ ‘ಅನಧಿಕೃತ ಗೈರುಹಾಜರಿ’ ಎಂಬ ನಿಯಮಾವಳಿಯ ಮಾತಿನಲ್ಲಿ ದೋಷವಿರುವುದು ಬಾರದಿರುವುದರಲ್ಲಿ ಅಲ್ಲ, ತಿಳಿಸದಿರುವುದರಲ್ಲಿ ಎಂದು ಗ್ರಹಿಸಬೇಕಾಗುತ್ತದೆ. ರಜೆ ನೌಕರನಿಗೆ ಸಲ್ಲತಕ್ಕದ್ದು, ಮೌನ ಸಲ್ಲದು.

ಈ ಮೌನಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆಂಬುದನ್ನು ಬಹುಮಂದಿ ಕಾಲ ಮೀರಿದ ಮೇಲೆ ಅರಿಯುತ್ತಾರೆ. ಬ್ಯಾಂಕ್ ನೌಕರರ ಸಂಘಗಳೂ ಆಡಳಿತವರ್ಗವೂ ಸಹಿ ಮಾಡಿದ 1984ರ ದ್ವಿಪಕ್ಷೀಯ ಒಪ್ಪಂದದಲ್ಲಿ ಒಂದು ಕಲಮು ಸೇರಿತು. ನೌಕರನು ರಜೆಯಿಲ್ಲದೆ ಒಂದೇ ಸಮನೆ 90 ದಿನ ಅಥವಾ ಹೆಚ್ಚು ಕಾಲ ಬಾರದೆ ಹೋದರೆ, 30 ದಿನಗಳೊಳಗೆ ಹಾಜರಾಗುವಂತೆ ನೋಟೀಸು ಕೊಡಬಹುದು. ಆಗಲೂ ಬಾರದಿದ್ದರೆ ಆತ ಸ್ವಇಚ್ಛೆಯಿಂದ ಕೆಲಸ ಬಿಟ್ಟನೆಂದು ಭಾವಿಸಬಹುದು. ಮಣಿಪಾಲದಲ್ಲಿ ಕೇಂದ್ರ ಕಚೇರಿಯಿದ್ದ ಸಿಂಡಿಕೇಟ್ ಬ್ಯಾಂಕಿನ, 2020ರ ಏಪ್ರಿಲಿನಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನಗೊಂಡ ಅದೇ ಬ್ಯಾಂಕಿನ, ಒಬ್ಬ ಗುಮಾಸ್ತರ ವಿಷಯದಲ್ಲಿ ಈ ಕಲಮು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಬ್ಯಾಂಕು ಕಳಿಸಿದ ರಿಜಿಸ್ಟರ್ಡ್ ಪತ್ರವು ‘ನಿರಾಕರಿಸಲಾಗಿದೆ’ ಎಂಬ ಅಂಚೆಯ ಷರಾದೊಡನೆ ಹಿಂತಿರುಗಿತ್ತು. ಪತ್ರವನ್ನು ತಿರಸ್ಕರಿಸಿದರೂ ಅದು ತಲುಪಿದಂತೆಯೇ ಎಂದು ಭಾವಿಸಿ, 2000ದಲ್ಲಿ ನ್ಯಾಯಾಲಯವು ಬ್ಯಾಂಕಿನ ಪರವಾಗಿ ತೀರ್ಪು ನೀಡಿತು. “ನೋಟೀಸನ್ನು ತೆಗೆದುಕೊಳ್ಳದಿದ್ದರೆ ಯಾರೇನು ಮಾಡಬಲ್ಲರು” ಎಂದು ಜಗಲಿಯ ಮೇಲೆ ಕುಳಿತು ಉಪದೇಶ ಮಾಡುವ ಹಿತೈಷಿಗಳು ಎಲ್ಲ ಊರುಗಳಲ್ಲಿಯೂ ಇರುತ್ತಾರೆ. ಅವರ ಮಾತು ಕೇಳಿ ಅಂಚೆಯವನನ್ನು ಹಿಂದಕ್ಕೆ ಕಳಿಸುವವನು ತನ್ನ ಕೆಲಸವನ್ನು ತಾನೇ ಹಿಂದಕ್ಕೆ ಕಳಿಸುತ್ತಾನೆ.

ಹಾಗೆಂದು ಕಾನೂನು ಏಕಪಕ್ಷೀಯವಾಗಿಲ್ಲ. ಸ್ಥಾಯೀ ಆದೇಶದಲ್ಲಿ ಏನೇ ಬರೆದಿದ್ದರೂ, ಇಷ್ಟು ದಿನ ಬರಲಿಲ್ಲವೆಂಬ ಒಂದೇ ಕಾರಣಕ್ಕೆ, ಆತನ ಮಾತನ್ನು ಕೇಳದೆಯೇ ಹೆಸರನ್ನು ಹೊಡೆದುಹಾಕಬಾರದೆಂದು ಸರ್ವೋಚ್ಚ ನ್ಯಾಯಾಲಯ 1993ರಲ್ಲಿ ಹೇಳಿತು. 2012ರ ಇನ್ನೊಂದು ತೀರ್ಪಿನಲ್ಲಿ, ಗೈರುಹಾಜರಿ ಎಂದ ಮಾತ್ರಕ್ಕೆ ದುರ್ನಡತೆಯಾಗುವುದಿಲ್ಲ. ಕಾಯಿಲೆ, ಆಸ್ಪತ್ರೆವಾಸ ಮೊದಲಾದ ಕೈಮೀರಿದ ಕಾರಣಗಳಿರಬಹುದು. ಅದು ಬೇಕೆಂದೇ ಮಾಡಿದ್ದೆಂದು ವಿಚಾರಣೆಯಲ್ಲಿ ಸಿದ್ಧವಾಗಬೇಕು ಎಂದು ವಿವರಿಸಿತು. ನೌಕರರ ರಾಜ್ಯ ವಿಮಾ ಯೋಜನೆಗೆ ಸೇರಿದ ಕಾರ್ಮಿಕನು ಕಾಯಿಲೆಯ ಭತ್ಯೆ ಪಡೆಯುತ್ತಿರುವ ಕಾಲದಲ್ಲಿ ಅವನನ್ನು ವಜಾ ಮಾಡಕೂಡದೆಂದು 1948ರ ಕಾಯಿದೆಯಲ್ಲಿಯೇ ಬರೆಯಲಾಯಿತು. ಕ್ಷಯದಂಥ ದೀರ್ಘ ರೋಗಗಳಿಗೆ ಎರಡು ವರ್ಷಗಳವರೆಗೆ ಭತ್ಯೆ ಕೊಡುವ ಏರ್ಪಾಡನ್ನೂ ಆ ಯೋಜನೆ ಕಲ್ಪಿಸಿತು. ಆದರೆ ಈ ರಕ್ಷಣೆಗಳೆಲ್ಲ ಒಂದು ಅರ್ಜಿಯನ್ನೂ ಒಂದು ವೈದ್ಯರ ಚೀಟಿಯನ್ನೂ ಕಳಿಸಿದವನಿಗೆ ಸುಲಭವಾಗಿ ದೊರೆಯುತ್ತವೆ. ಕಳಿಸದವನು ನ್ಯಾಯಾಲಯಗಳ ಮೆಟ್ಟಿಲು ಹತ್ತಿ ಹದಿನೈದು ವರ್ಷಗಳ ತರುವಾಯ ಅದನ್ನೇ ಪಡೆಯಬೇಕಾಗುತ್ತದೆ.

ಪರಸ್ಥಳದಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಅಪಾಯ ತುಸು ಹೆಚ್ಚು. ಊರು ದೂರ. ಹೌರಾದಿಂದ ಹೊರಟವರು ಬೆಂಗಳೂರು ಮುಟ್ಟುವಷ್ಟರಲ್ಲಿ ಒಂದು ದಿನ ಎರಡು ರಾತ್ರಿ ಕಳೆಯುವುದುಂಟು. ಅಲ್ಲಿಂದ ಉಡುಪಿಗೋ ಶಿರಸಿಗೋ ಧಾರವಾಡಕ್ಕೋ ಮತ್ತೆ ಪ್ರಯಾಣ. ಹತ್ತು ದಿನಗಳ ರಜೆಯಲ್ಲಿ ಐದು ದಿನ ದಾರಿಗೇ ಸಲ್ಲುತ್ತದೆ. ತಾಯಿಗೆ ಕಾಯಿಲೆ, ತಂಗಿಗೆ ಸಂಬಂಧ ಕೂಡಿಬಂದಿದೆ, ಅಡಿಕೆ ತೋಟದ ಪಾಲುಪಟ್ಟಿ, ಹೀಗೆ ಒಂದರ ಹಿಂದೊಂದು ಕಾರಣಗಳು ಬಂದು ಹತ್ತು ದಿನ ನಲವತ್ತಾಗುವುದು ಯಾರಿಗೂ ಹೊಸತಲ್ಲ. ಹಿಂದೆ ಇಂಥ ಸಮಯಕ್ಕೆ ತಂತಿಯಿತ್ತು. ‘ತಾಯಿ ಗಂಭೀರ, ಕೂಡಲೆ ಹೊರಡು’ ಎಂಬ ತಂತಿ ಊರಿನಿಂದ ಕಲ್ಕತ್ತೆಗೆ. ‘ರಜೆ ವಿಸ್ತರಿಸಲು ಪ್ರಾರ್ಥನೆ’ ಎಂಬ ತಂತಿ ಊರಿನಿಂದ ಕಚೇರಿಗೆ. ಮೊದಲನೆಯ ತಂತಿಯ ತಾಯಂದಿರಲ್ಲಿ ಅನೇಕರು ಆರೋಗ್ಯವಾಗಿಯೇ ಇದ್ದರೆಂಬುದು ಎಲ್ಲ ಮೇಲಧಿಕಾರಿಗಳಿಗೂ ಗೊತ್ತಿತ್ತು. ಆದರೂ ಆ ತಂತಿಯಲ್ಲಿ ಒಂದು ಮರ್ಯಾದೆಯಿತ್ತು: ಪದಕ್ಕೆ ಇಷ್ಟೆಂದು ಹಣ ತೆತ್ತು, ಅಂಚೆ ಕಚೇರಿಯವರೆಗೆ ನಡೆದು, ನೌಕರನು ತಾನು ಇಂಥಲ್ಲಿದ್ದೇನೆಂದು ತಿಳಿಸುತ್ತಿದ್ದನು. ತಂತಿ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು. ಈಗ ಕಿಸೆಯಲ್ಲಿಯೇ ದೂರವಾಣಿಯಿದೆ; ತಿಳಿಸಲು ಅರೆನಿಮಿಷ ಸಾಕು. ಇಷ್ಟು ಸುಲಭವಾದ ಮೇಲೂ ತಿಳಿಸದವರು ಇದ್ದಾರೆಂದರೆ, ಅವರನ್ನು ತಡೆಯುವುದು ದೂರವಲ್ಲ, ಅಳುಕು. ಕೇಳಿದರೆ ಇಲ್ಲವೆಂದಾರು, ಇಲ್ಲವೆಂದ ಮೇಲೆ ಉಳಿದರೆ ಆಜ್ಞೆ ಮೀರಿದಂತೆ, ಆದುದರಿಂದ ಕೇಳುವುದೇ ಬೇಡ, ಎಂಬ ವಿಚಿತ್ರ ತರ್ಕ. ಒಂದು ವಾರದ ಅಳುಕು ಎರಡನೆಯ ವಾರಕ್ಕೆ ನಾಚಿಕೆಯಾಗುತ್ತದೆ, ಮೂರನೆಯದಕ್ಕೆ ಭಯವಾಗುತ್ತದೆ. ನಾಲ್ಕನೆಯ ವಾರದಲ್ಲಿ ಕಚೇರಿಯ ಸಂಖ್ಯೆಯನ್ನು ಕಂಡರೆ ಕರೆಯನ್ನು ಎತ್ತುವುದೇ ನಿಲ್ಲುತ್ತದೆ.

ಹಣದ ಮಾತನ್ನು ಇಲ್ಲಿಯೇ ಮುಗಿಸಬಹುದು. ಹೋದ ದಿನಗಳ ಸಂಬಳ ಕಡಿತ ಅತ್ಯಂತ ಸಣ್ಣ ನಷ್ಟ. ವಾರ್ಷಿಕ ಬಡ್ತಿ ಮುಂದೆ ಹೋಗುವುದು, ಆ ಅವಧಿ ಪಿಂಚಣಿಯ ಸೇವಾಲೆಕ್ಕದಿಂದ ಬಿಟ್ಟುಹೋಗುವುದು, ‘ಸೇವೆಯಲ್ಲಿ ಖಂಡ’ ಎಂದು ಆಜ್ಞೆಯಾದರೆ ಗ್ರಾಚ್ಯುಯಿಟಿಯ ನಿರಂತರ ಸೇವೆಗೂ ಪೆಟ್ಟು ಬೀಳುವುದು, ಇವೆಲ್ಲ ನಿವೃತ್ತಿಯ ದಿನ ಒಟ್ಟಾಗಿ ಮುಂದೆ ಬಂದು ನಿಲ್ಲುತ್ತವೆ. ಇಪ್ಪತ್ತೆಂಟನೆಯ ವಯಸ್ಸಿನ ಎರಡು ತಿಂಗಳ ಅಲಕ್ಷ್ಯಕ್ಕೆ ಅರವತ್ತನೆಯ ವಯಸ್ಸಿನಲ್ಲಿ ಬಡ್ಡಿ ಕಟ್ಟುವುದು ಯಾವ ಲೆಕ್ಕದಲ್ಲಿಯೂ ಲಾಭವಲ್ಲ.

ಆದರೂ ಹಾಜರಿ ಪುಸ್ತಕವನ್ನು ಕೇವಲ ಶಿಸ್ತಿನ ಕನ್ನಡಕದಿಂದ ನೋಡುವ ಅಧಿಕಾರಿಗಳು ಅದರಲ್ಲಿ ಬರೆದಿರುವುದರಲ್ಲಿ ಅರ್ಧವನ್ನು ಮಾತ್ರ ಓದುತ್ತಾರೆ. ಸೋಮವಾರ ಸೋಮವಾರವೇ ಬಾರದವನ ಪುಟದಲ್ಲಿ ಭಾನುವಾರದ ಮದ್ಯವಿರಬಹುದು. ಹತ್ತು ವರ್ಷ ಒಂದು ದಿನವೂ ತಪ್ಪದವನು ತಿಂಗಳಿಗೆ ಮೂರು ಬಾರಿ ಹೇಳದೆ ಉಳಿಯತೊಡಗಿದರೆ, ಅಲ್ಲಿ ಸಾಲಗಾರರ ಕಾಟವಿರಬಹುದು, ಮನೆಯಲ್ಲಿ ಹಾಸಿಗೆ ಹಿಡಿದವರಿರಬಹುದು, ಅಥವಾ ಮನಸ್ಸಿಗೆ ಕವಿದ ಖಿನ್ನತೆಯಿರಬಹುದು. ಖಿನ್ನತೆಯ ರೋಗಿಗೆ ಬೆಳಗಿನ ಹೊತ್ತು ಎಷ್ಟು ಕಠಿಣವೆಂಬುದನ್ನು ವೈದ್ಯರು ಬಲ್ಲರು. ಎದ್ದು ಮುಖ ತೊಳೆಯುವುದೇ ಬೆಟ್ಟ ಹತ್ತಿದಂತೆ. ಅಂಥವನು ದೂರವಾಣಿ ಮಾಡಿ ಕಾರಣ ಹೇಳಬೇಕೆಂದು ನಿರೀಕ್ಷಿಸುವುದು, ಕಾಲು ಮುರಿದವನು ಓಡಿಬಂದು ವರದಿ ಒಪ್ಪಿಸಬೇಕೆಂದಂತೆ. ಇಂಥಲ್ಲಿ ಮೂರನೆಯ ದಿನ ಸಹೋದ್ಯೋಗಿಯೊಬ್ಬನು ಮನೆಗೆ ಹೋಗಿ ಕದ ತಟ್ಟಿದರೆ, ಮೂವತ್ತನೆಯ ದಿನ ಕಳಿಸುವ ನೋಟೀಸಿನ ಪ್ರಸಂಗವೇ ಬಾರದೆ ಹೋಗಬಹುದು. ದೊಡ್ಡ ನಗರದಲ್ಲಿ ಒಂಟಿಯಾಗಿ ಕೋಣೆ ಹಿಡಿದಿರುವ ತರುಣರ ವಿಷಯದಲ್ಲಂತೂ ಇದು ಅತ್ಯವಶ್ಯ.

ಶಾಲೆಯ ಮಾತು ಇನ್ನೂ ಸೂಕ್ಷ್ಮವಾದುದು. ಶಾಲೆ ತಪ್ಪಿಸುವುದಕ್ಕೆ ಕಲ್ಕತ್ತೆಯಲ್ಲಿ ಸಿದ್ಧವಾದ ಒಂದು ಸಮರ್ಥನೆಯಿದೆ: ರವೀಂದ್ರನಾಥ ಠಾಕೂರರು. ಅವರಿಗೆ ಶಾಲೆಯ ಗೋಡೆಗಳು ಹಿಡಿಸಲಿಲ್ಲ, ಒಂದಾದ ಮೇಲೊಂದು ಶಾಲೆ ಬಿಟ್ಟರು ಎಂಬುದು ನಿಜ. ಆದರೆ ಜೋಡಾಸಾಂಕೋದ ಆ ಮನೆಯಲ್ಲಿ ಬೆಳಗಿನ ಕುಸ್ತಿಯಿಂದ ಆರಂಭಿಸಿ ಗಣಿತ, ವಿಜ್ಞಾನ, ಚಿತ್ರಕಲೆ, ಸಂಗೀತ, ರಾತ್ರಿಯ ಇಂಗ್ಲಿಷಿನವರೆಗೆ ಅಣ್ಣ ಹೇಮೇಂದ್ರನಾಥರು ಹಾಕಿಕೊಟ್ಟ ಪಾಠಕ್ರಮವನ್ನು ಅರಿತವರು, ಅದಕ್ಕಿಂತ ಶಾಲೆಯೇ ವಾಸಿಯೆಂದಾರು. ಮೇಲಾಗಿ ಆ ಹುಡುಗ ದೊಡ್ಡವನಾಗಿ 1901ರಲ್ಲಿ ಮಾಡಿದ ಕೆಲಸ ಶಾಂತಿನಿಕೇತನದಲ್ಲಿ ಒಂದು ಶಾಲೆಯನ್ನು ತೆರೆದದ್ದು. ಚಕ್ಕರ್ ಹೊಡೆದು ಅಲಿಪುರದ ಮೃಗಾಲಯದಲ್ಲಿ ಹುಲಿಯ ಮುಂದೆ ಕಡಲೆಕಾಯಿ ತಿನ್ನುತ್ತ ನಿಲ್ಲುವ ಹುಡುಗನಿಗೆ ಈ ಹೋಲಿಕೆ ಹೊಂದುವುದಿಲ್ಲ.

ಆ ಹುಡುಗ ಅಲ್ಲಿಗೆ ಏಕೆ ಹೋದ ಎಂಬುದನ್ನು ಮಾತ್ರ ಕೇಳಲೇಬೇಕು. ಪ್ರತಿ ಸೋಮವಾರ ಎಂಟು ಗಂಟೆಗೆ ಹೊಟ್ಟೆನೋವು ಬಂದು ಹತ್ತೂವರೆಗೆ ತಾನಾಗಿಯೇ ಇಳಿಯುವ ಮಗುವನ್ನು ಅನೇಕ ತಾಯಂದಿರು ಕಂಡಿದ್ದಾರೆ. ‘ನಾಟಕ’ ಎಂದು ಗದರಿಸಿ ಕಳಿಸುವುದು ಒಂದು ಕ್ರಮ. ಅಯ್ಯೋ ಪಾಪ ಎಂದು ಉಳಿಸಿಕೊಳ್ಳುವುದು ಇನ್ನೊಂದು. ಎರಡೂ ತಪ್ಪು. ಆ ನೋವು ಮಗುವಿಗೆ ನಿಜವಾದದ್ದೇ. ಅದರ ಮೂಲ ಹೊಟ್ಟೆಯಲ್ಲಿರುವುದಿಲ್ಲ. ಹಿಂದಿನ ಬೆಂಚಿನ ಹುಡುಗರ ಪೀಡೆಯಿರಬಹುದು, ಲೆಕ್ಕದ ಅಧ್ಯಾಪಕರ ಭಯವಿರಬಹುದು, ಕಪ್ಪುಹಲಗೆಯ ಅಕ್ಷರ ಕಾಣದೆ ದಡ್ಡನೆನಿಸಿಕೊಂಡ ಅವಮಾನವಿರಬಹುದು. ಕನ್ನಡದ ಮಗುವಿಗೆ ಇಲ್ಲಿ ಇನ್ನೊಂದು ತೊಡಕು: ಮನೆಯಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷು, ಆಟದ ಬಯಲಿನಲ್ಲಿ ಬಂಗಾಳಿ, ಎರಡನೆಯ ಭಾಷೆಯಾಗಿ ಹಿಂದಿ. ಬೆಂಗಳೂರಿನಿಂದ ವರ್ಗವಾಗಿ ಬಂದ ತಂದೆಗೆ ಮೊದಲ ದಿನವೇ ಕುರ್ಚಿ ಸಿಗುತ್ತದೆ. ಮಗುವಿಗೆ ಆಟಕ್ಕೆ ಸೇರಿಸಿಕೊಳ್ಳುವ ಗೆಳೆಯ ಸಿಗಲು ಆರು ತಿಂಗಳಾದರೂ ಬೇಕು. ಆ ಆರು ತಿಂಗಳ ಹೊಟ್ಟೆನೋವಿಗೆ ಓಮದ ನೀರು ಮದ್ದಲ್ಲ.

ಕಣ್ಣು, ಕಿವಿ, ರಕ್ತಹೀನತೆ, ಜಂತುಹುಳು, ಇವನ್ನೂ ಒಮ್ಮೆ ಪರೀಕ್ಷಿಸಿಬಿಡುವುದು ಲೇಸು. ಕೆನ್ಯಾ ದೇಶದ ಶಾಲಾಮಕ್ಕಳಿಗೆ ಜಂತುಹುಳುವಿನ ಔಷಧ ಕೊಟ್ಟಾಗ ಗೈರುಹಾಜರಿಯಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಇಳಿಯಿತೆಂದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಆ ಲೆಕ್ಕದ ಬಗೆಗೆ ಆಮೇಲೆ ಪಂಡಿತರಲ್ಲಿ ವಾದವೆದ್ದಿತೆಂಬುದೂ ನಿಜ. ಭಾರತದಲ್ಲಿ 2015ರಿಂದ ಶಾಲೆ ಅಂಗನವಾಡಿಗಳಲ್ಲಿ ಗೊತ್ತಾದ ದಿನ ಈ ಮಾತ್ರೆಯನ್ನು ಹಂಚುವ ಕ್ರಮ ಬಂದಿದೆ. ಹಣವಂತರ ಶಾಲೆಗಳ ತಾಯ್ತಂದೆಯರು ಇದು ತಮ್ಮ ಮಕ್ಕಳಿಗಲ್ಲವೆಂದು ಭಾವಿಸುವುದುಂಟು. ಹುಳುಗಳಿಗೆ ಆ ಭೇದ ತಿಳಿಯದು.

ಬಡವರ ಮಕ್ಕಳ ಗೈರುಹಾಜರಿಯ ಪರಿಣಾಮವಂತೂ ಶಾಲೆಯಿಂದಲೇ ಕಳಚಿಹೋಗುವುದು. ಕರ್ನಾಟಕದ ಉಚ್ಚ ನ್ಯಾಯಾಲಯವು 2013ರಲ್ಲಿ ಶಾಲೆ ಬಿಟ್ಟ ಮಕ್ಕಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಅದುವರೆಗೆ 60 ದಿನ ಬಾರದ ಮಗುವನ್ನು ಶಾಲೆಯಿಂದ ಹೊರಗುಳಿದದ್ದೆಂದು ಗಣಿಸುತ್ತಿದ್ದರು. ಆಮೇಲೆ ತಿಳಿಸದೆ 7 ದಿನ ಬಾರದಿದ್ದರೆ ಸಾಕು, ಹುಡುಕಿಕೊಂಡು ಹೋಗಬೇಕೆಂಬ ನಿಯಮವಾಯಿತು. ಇದರಲ್ಲಿ ಬಹಳ ವಿವೇಕವಿದೆ. ಎರಡು ತಿಂಗಳಲ್ಲಿ ಹುಡುಗ ಗ್ಯಾರೇಜಿಗೆ ಸೇರಿ ದಿನಗೂಲಿ ಕಂಡಿರುತ್ತಾನೆ, ಹುಡುಗಿಯ ಮದುವೆಯೇ ಗೊತ್ತಾಗಿರುತ್ತದೆ. ಬಿಸಿಯೂಟದ ಅಕ್ಷರ ದಾಸೋಹ, 2006-07ರಿಂದ ಎಂಟನೆಯ ತರಗತಿಯವರಿಗೆ ಕೊಟ್ಟ ಸೈಕಲ್ಲು, ಬಂಗಾಳದಲ್ಲಿ 2013ರ ಕನ್ಯಾಶ್ರೀ ಯೋಜನೆ, ಇವೆಲ್ಲ ಬೈದು ಹೊಡೆದು ಮಾಡಲಾಗದ ಕೆಲಸವನ್ನು ಅನ್ನ ಹಾಕಿ, ದಾರಿ ಹತ್ತಿರ ಮಾಡಿ ಸಾಧಿಸಲು ಹೊರಟ ಉಪಾಯಗಳು.

ಉಳ್ಳವರಲ್ಲಿ ಇನ್ನೊಂದು ಬಗೆಯ ಗೈರುಹಾಜರಿ ಬೆಳೆದಿದೆ. ಅದನ್ನು ತಾಯ್ತಂದೆಯರೇ ಶುಲ್ಕ ತೆತ್ತು ಕೊಳ್ಳುತ್ತಾರೆ. ಎಂಜಿನಿಯರಿಂಗ್, ವೈದ್ಯಕೀಯ ಪ್ರವೇಶ ಪರೀಕ್ಷೆಗಳ ಕೋಚಿಂಗಿಗಾಗಿ ಹುಡುಗನ ಹೆಸರು ಒಂದು ಶಾಲೆಯಲ್ಲಿ, ಹುಡುಗ ಇನ್ನೆಲ್ಲಿಯೋ. ಇಂಥ ‘ಡಮ್ಮಿ’ ಶಾಲೆಗಳ ಮಾನ್ಯತೆಯನ್ನು ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಲಿಯು 2024ರಲ್ಲಿ ರದ್ದುಪಡಿಸಿತು. ನೂರಕ್ಕೆ 75 ಹಾಜರಿಯಿಲ್ಲದವರಿಗೆ ಪರೀಕ್ಷೆಗೆ ಅವಕಾಶವಿಲ್ಲವೆಂಬುದು ಮಂಡಲಿಯ ನಿಯಮ. ಕೊರತೆಗೆ ಕಾಯಿಲೆಯ ದಾಖಲೆ ಬೇಕು. ಆಗ ನಡೆಯುವುದನ್ನು ಎಲ್ಲರೂ ಬಲ್ಲರು. ಆರೋಗ್ಯವಂತನಾದ ಹದಿನಾರು ವರ್ಷದ ಹುಡುಗನಿಗೆ ತಂದೆಯೇ ಕಾಮಾಲೆಯನ್ನು ಬರೆಸಿಕೊಂಡು ಬರುತ್ತಾನೆ. ಅಜ್ಜಿ ಊರಿನಲ್ಲಿ ಸುಖವಾಗಿರುವಾಗ ‘ಅಜ್ಜಿ ತೀರಿಕೊಂಡರು’ ಎಂದು ಮಗುವಿನ ಕೈಯಿಂದಲೇ ಬರೆಸುವ ರಜಾಚೀಟಿಯೂ ಇದೇ ಜಾತಿಯದು. ಹತ್ತು ವರ್ಷಗಳ ತರುವಾಯ ಆ ಮಗು ಕಚೇರಿಗೆ ಸೇರಿ ಅದೇ ವಿದ್ಯೆಯನ್ನು ಮೇಲಧಿಕಾರಿಯ ಮೇಲೆ ಪ್ರಯೋಗಿಸಿದರೆ, ಪಾಠ ಹೇಳಿದ ಗುರುಗಳು ಯಾರೆಂದು ಹುಡುಕಬೇಕಾಗಿಲ್ಲ. ಮೇ ತಿಂಗಳಲ್ಲಿ ಊರಿನ ಮದುವೆ ಇದೆ, ರಜೆಗೆ ಮೂರು ದಿನ ಮುಂಚೆ ಹೋಗುತ್ತೇವೆ ಎಂದು ನೇರವಾಗಿ ಬರೆದುಕೊಟ್ಟರೆ ಮುಖ್ಯೋಪಾಧ್ಯಾಯರು ಮುಖ ಸಿಂಡರಿಸಬಹುದು. ಆದರೆ ಮಗು ಸುಳ್ಳು ಕಲಿಯುವುದಿಲ್ಲ.

ಕಲ್ಕತ್ತೆಯಲ್ಲಿ ಗೈರುಹಾಜರಿಯ ವಿಷಯವೆತ್ತಿ ಬಂದ್‌ಗಳನ್ನು ಬಿಡಲಾಗದು. ದಶಕಗಳ ಕಾಲ ಬಂದ್ ಎಂಬುದು ಇಲ್ಲಿ ಇನ್ನೊಂದು ಹಬ್ಬವಾಗಿತ್ತು. ಬಸ್ಸಿಲ್ಲದ ಬೀದಿಯಲ್ಲಿ ಹುಡುಗರ ಕ್ರಿಕೆಟ್ಟು, ಮನೆಯಲ್ಲಿ ಹಿರಿಯರ ಇಸ್ಪೀಟು. 2012ರ ಫೆಬ್ರವರಿ 28ರ ಮುಷ್ಕರಕ್ಕೆ ಮುಂಚೆ ರಾಜ್ಯ ಸರಕಾರವು ಬಾರದ ನೌಕರರಿಗೆ ಸಂಬಳವಿಲ್ಲ, ಸೇವೆಗೂ ಖಂಡ ಬಂದೀತೆಂದು ಎಚ್ಚರಿಸಿತು. ಆ ಬಳಿಕ ಪ್ರತಿ ಬಂದ್‌ಗೂ ಅಂಥದೇ ಸುತ್ತೋಲೆ. ತುಟ್ಟಿಭತ್ಯೆಗಾಗಿ 2023ರ ಮಾರ್ಚ್ 10ರಂದು ಮುಷ್ಕರ ನಡೆದಾಗಲೂ ಬಾರದವರಿಂದ ಕಾರಣ ಕೇಳಲಾಯಿತು. ಆ ದಿನವನ್ನು ‘ಡೈಸ್ ನಾನ್’, ಎಂದರೆ ಲೆಕ್ಕಕ್ಕಿಲ್ಲದ ದಿನ, ಎಂದು ಬರೆಯುತ್ತಾರೆ. ಮುಂಚಿತವಾಗಿ ನೋಟೀಸು ಕೊಟ್ಟು, ಸಂಬಳ ಹೋಗುವುದೆಂದು ತಿಳಿದೇ ಮಾಡುವ ಮುಷ್ಕರವನ್ನು ಹೇಳದೆ ಉಳಿಯುವ ಗೈರುಹಾಜರಿಯೊಡನೆ ಸೇರಿಸುವುದು ನ್ಯಾಯವಲ್ಲ. ಮುಷ್ಕರ ಹೂಡುವವನು ತನ್ನ ಕಾರಣವನ್ನು ಬೀದಿಯಲ್ಲಿ ಕೂಗಿ ಹೇಳುತ್ತಾನೆ. ಅವನೂ ಬೆಲೆ ತೆರಬೇಕೆಂಬುದು ಬೇರೆ ಮಾತು. ನಾಲ್ಕು ಗಂಟೆಗಳ ಮುಷ್ಕರಕ್ಕೆ ಇಡೀ ದಿನದ ಸಂಬಳ ಹಿಡಿದ ಬ್ಯಾಂಕೊಂದರ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯ 1990ರಲ್ಲಿ ಎತ್ತಿಹಿಡಿಯಿತು. ಮುಷ್ಕರ ಕಾನೂನುಬದ್ಧವೂ ಸಕಾರಣವೂ ಆಗಿದ್ದರೆ ಮಾತ್ರ ಸಂಬಳ ಎಂದು 1994ರಲ್ಲಿ ಸಂವಿಧಾನಪೀಠ ನಿರ್ಣಯಿಸಿತು. ತೊಡಕಿರುವುದು ಮುಷ್ಕರದಲ್ಲಿ ನಂಬಿಕೆಯೂ ಇಲ್ಲದೆ, ಕೆಲಸಕ್ಕೂ ಹೋಗದೆ, ಬಸ್ಸಿರಲಿಲ್ಲವೆಂದು ಬರೆದುಕೊಡುವವರ ವಿಷಯದಲ್ಲಿ. ಅವರು ಯಾವ ಪಕ್ಷಕ್ಕೂ ಸೇರಿದವರಲ್ಲ, ಇಸ್ಪೀಟಿನ ಪಕ್ಷದವರು.

ಸಂಬಳದ ಕಡಿತವೇ ಇಲ್ಲದವರ ಗೈರುಹಾಜರಿ ಇನ್ನೂ ಕಠೋರ. 2019ರ ಏಪ್ರಿಲ್ ಕೊನೆಯಲ್ಲಿ ಹೌರಾ ನ್ಯಾಯಾಲಯದ ಬಳಿ ವಾಹನ ನಿಲ್ಲಿಸುವ ಜಗಳದಿಂದ ಗಲಭೆಯಾಗಿ, ರಾಜ್ಯದ ವಕೀಲರು ಸುಮಾರು ಒಂದು ತಿಂಗಳು ಕೆಲಸ ನಿಲ್ಲಿಸಿದರು. ಅವರ ದೂರಿನಲ್ಲಿ ಹುರುಳಿರಲಿಲ್ಲವೆನ್ನಲಾಗದು. ಆದರೆ ವಕೀಲರಿಗೆ ಮುಷ್ಕರದ ಹಕ್ಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2002ರಲ್ಲಿಯೇ ಹೇಳಿತ್ತು; ಆ ತಿಂಗಳು ಜಾಮೀನಿಗಾಗಿ ಕಾದವರು ಸೆರೆಮನೆಯಲ್ಲಿದ್ದರು. ಬಾರದವರು ಒಬ್ಬರು, ದಿನ ಎಣಿಸಿದವರು ಮತ್ತೊಬ್ಬರು.

ಕರ್ನಾಟಕದ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಅನುಭವ ಈ ದೃಷ್ಟಿಯಿಂದ ಗಮನಾರ್ಹ. ಐದು ಜಿಲ್ಲೆಗಳ 140 ಕೇಂದ್ರಗಳಲ್ಲಿ ಬೆರಳಚ್ಚಿನ ಯಂತ್ರವನ್ನಿಟ್ಟು, ಇಡದ ಕೇಂದ್ರಗಳೊಡನೆ ಹೋಲಿಸಿ ನೋಡಲಾಯಿತು. ದಾದಿಯರು, ಔಷಧ ವಿತರಕರು, ಪ್ರಯೋಗಾಲಯದವರು ಹೆಚ್ಚು ಕ್ರಮವಾಗಿ ಬರತೊಡಗಿದರು. ವೈದ್ಯರ ಹಾಜರಿಯಲ್ಲಿ ಹೇಳುವಷ್ಟು ವ್ಯತ್ಯಾಸವಾಗಲಿಲ್ಲ. ಆದರೂ ಆ ಭಾಗದ ನವಜಾತ ಶಿಶುಗಳ ತೂಕ ಸುಧಾರಿಸಿತು. ದಾದಿಯೊಬ್ಬಳು ದಿನವೂ ಇರುವುದರ ಬೆಲೆಯನ್ನು ಇದಕ್ಕಿಂತ ಸ್ಪಷ್ಟವಾಗಿ ತೂಗಿ ತೋರಿಸಲಾಗದು. ದಂಡನೆ ಮಾತ್ರ ಯಂತ್ರದಿಂದ ಆಗಲಿಲ್ಲ. ಹಳ್ಳಿಗೆ ವೈದ್ಯರು ಸಿಗುವುದೇ ದುರ್ಲಭವಾಗಿರುವಾಗ, ಬಾರದವರನ್ನು ದಂಡಿಸಲು ಸರಕಾರವೇ ಹಿಂಜರಿಯಿತು.

ಇಷ್ಟೆಲ್ಲ ಹೇಳಿದ ಮೇಲೆ, ಎಂದೂ ರಜೆ ತೆಗೆದುಕೊಳ್ಳದವನೇ ಆದರ್ಶ ನೌಕರನೆಂದು ಯಾರೂ ತಿಳಿಯಬಾರದು. ಫ್ರಾನ್ಸಿನ ಸೊಸೈಟೆ ಜನರಾಲ್ ಬ್ಯಾಂಕಿಗೆ 2008ರಲ್ಲಿ 490 ಕೋಟಿ ಯೂರೋ ನಷ್ಟಕ್ಕೆ ಕಾರಣನಾದ ನೌಕರನು ಹಿಂದಿನ ವರ್ಷ ರಜೆಯನ್ನು ಬಹುತೇಕ ಪಡೆದೇ ಇರಲಿಲ್ಲ. ಕುರ್ಚಿ ಬಿಟ್ಟರೆ ಬೇರೊಬ್ಬರು ಲೆಕ್ಕ ನೋಡಿಯಾರೆಂಬ ಭಯ. ಭಾರತೀಯ ರಿಸರ್ವ್ ಬ್ಯಾಂಕು ಸೂಕ್ಷ್ಮ ಹುದ್ದೆಗಳಲ್ಲಿರುವ ಬ್ಯಾಂಕ್ ನೌಕರರನ್ನು ವರ್ಷಕ್ಕೊಮ್ಮೆ, ಮುನ್ಸೂಚನೆಯಿಲ್ಲದೆ, ಕನಿಷ್ಠ ಹತ್ತು ಕೆಲಸದ ದಿನಗಳ ಕಡ್ಡಾಯ ರಜೆಗೆ ಕಳಿಸಬೇಕೆಂದು ವಿಧಿಸಿರುವುದು ಈ ಕಾರಣಕ್ಕೇ. ಇನ್ನು ಜ್ವರವಿದ್ದರೂ ಕೆಮ್ಮುತ್ತ ಬಂದು ಕರ್ತವ್ಯನಿಷ್ಠೆ ಮೆರೆಯುವವರಿಂದ ಶಾಖೆಗೆ ಶಾಖೆಯೇ ಮಲಗುವುದನ್ನು 2020ರ ತರುವಾಯ ವಿವರಿಸಬೇಕಾಗಿಲ್ಲ.

ಮನೆಯ ಕೆಲಸದಾಕೆಯ ‘ಕಾಮಾಯಿ’ಯ ಮಾತು ಉಳಿಯಿತು. ಅಲಿಪುರ, ಬಾಲಿಗಂಜ್ ಮೊದಲಾದ ಕಡೆಗಳ ಮನೆಗಳಿಗೆ ಕೆಲಸದ ಹೆಂಗಸರು ಕ್ಯಾನಿಂಗ್, ಲಕ್ಷ್ಮೀಕಾಂತಪುರ ಮಾರ್ಗಗಳ ಲೋಕಲ್ ರೈಲಿನಲ್ಲಿ ನಸುಕಿಗೇ ಬರುತ್ತಾರೆ. 2020ರ ಮಾರ್ಚಿನಿಂದ ನವೆಂಬರ್ ವರೆಗೆ ಆ ರೈಲುಗಳೇ ಓಡಲಿಲ್ಲ. ನಡುವೆ ಮೇ 20ರಂದು ಅಂಫಾನ್ ಚಂಡಮಾರುತವೂ ಬಂದಿತು. 2018ರ ಸೆಪ್ಟೆಂಬರ್ 4ರಂದು ಮಾಝೇರ್‌ಹಾಟ್ ಸೇತುವೆ ಕುಸಿದಾಗ ಬೆಹಾಲಾದಿಂದ ಬರುವ ಅಧಿಕಾರಿಗಳು ಎರಡು ವರ್ಷಕ್ಕೂ ಹೆಚ್ಚು ಕಾಲ ಸುತ್ತುದಾರಿ ಹಿಡಿದರು. ತಡವಾದವರನ್ನು ಕಚೇರಿಗಳು ಒಂದಿಷ್ಟು ಸೈರಿಸಿದವು. ಕೆಲಸದಾಕೆಗೆ ಆ ಸೈರಣೆ ದೊರೆಯುವುದು ಮನೆಯೊಡತಿಯ ಮನಸ್ಸಿದ್ದಂತೆ. ವರ್ಷಕ್ಕೆ ಹನ್ನೆರಡು ದಿನಗಳ ಸಾಂದರ್ಭಿಕ ರಜೆಯನ್ನೂ, ಅದರ ಮೇಲೆ ಗಳಿಕೆಯ ರಜೆಯನ್ನೂ ಹಕ್ಕಿನಿಂದ ಪಡೆಯುವ ಗೃಹಸ್ಥರ ಮನೆಯಲ್ಲಿಯೇ, ತಿಂಗಳಿಗೆ ಎರಡು ದಿನ ಬಾರದವಳ ಕೂಲಿ ಕತ್ತರಿಸಿ, ಹೇಳದೆ ಉಳಿದಳೆಂದು ದೂರುವುದುಂಟು. ಕೇಳಿದರೆ ರಜೆ ಸಿಗುತ್ತದೆಂಬ ನಂಬಿಕೆಯಿಲ್ಲದವರು ಹೇಳಿ ಹೋಗುವುದಿಲ್ಲ. ತಿಂಗಳಿಗೆ ಇಷ್ಟು ದಿನ ಸಂಬಳಸಹಿತ ರಜೆ ಎಂದು ಕೆಲಸಕ್ಕಿಟ್ಟುಕೊಳ್ಳುವ ದಿನವೇ ಹೇಳಿಬಿಟ್ಟ ಮನೆಗಳಲ್ಲಿ, ಆಕೆ ಮುಂಚಿನ ದಿನ ತಿಳಿಸಿಯೇ ಉಳಿಯುವ ಸಂಭವ ಹೆಚ್ಚು.

ಊರಿಗೆ ಹೊರಡುವವರಿಗೆ ಕಡೆಯದಾಗಿ ಒಂದು ವ್ಯಾವಹಾರಿಕ ಸೂಚನೆ. ರಜೆ ಮೀರುವ ಲಕ್ಷಣ ಕಂಡ ದಿನವೇ, ಮುಗಿಯುವ ದಿನದವರೆಗೆ ಕಾಯದೆ, ವಿಸ್ತರಣೆಯ ಅರ್ಜಿಯನ್ನು ಲಿಖಿತವಾಗಿ ಕಳಿಸಬೇಕು. ದೂರವಾಣಿಯ ಮಾತು ಸೌಜನ್ಯಕ್ಕೆ, ಬರಹ ದಾಖಲೆಗೆ. ಊರಿನಲ್ಲಿರುವ ವಿಳಾಸವನ್ನೂ ಅದರಲ್ಲಿಯೇ ಬರೆಯಬೇಕು. ಇಲ್ಲವಾದರೆ ಕಚೇರಿಯ ಪತ್ರಗಳು ಕಲ್ಕತ್ತೆಯ ಬೀಗ ಹಾಕಿದ ಮನೆಗೆ ಹೋಗಿ ತಿರುಗುತ್ತವೆ. ಕಾಯಿಲೆಯಾದರೆ ಚಿಕಿತ್ಸೆ ಮಾಡಿದ ವೈದ್ಯರಿಂದಲೇ ಪ್ರಮಾಣಪತ್ರ ಪಡೆಯುವುದು ಕ್ಷೇಮ. ಕೊಟ್ಟ ಪ್ರಮಾಣಪತ್ರಗಳ ದಾಖಲೆಪುಸ್ತಕವನ್ನು ವೈದ್ಯರು ಇಡಬೇಕೆಂದೂ, ರೋಗಿಯ ಗುರುತಿನ ಚಿಹ್ನೆಯನ್ನೂ ಸಹಿಯನ್ನೂ ಅದರಲ್ಲಿ ಪಡೆಯಬೇಕೆಂದೂ, ಸುಳ್ಳು ಪತ್ರ ಕೊಟ್ಟವರ ಹೆಸರನ್ನು ವೈದ್ಯರ ಪಟ್ಟಿಯಿಂದಲೇ ತೆಗೆಯಬಹುದೆಂದೂ 2002ರ ವೃತ್ತಿ ನಿಯಮಾವಳಿಯಲ್ಲಿ ಬರೆಯಲಾಗಿದೆ. ಪತ್ರದ ಒಂದು ಪ್ರತಿಯನ್ನು ತಮ್ಮಲ್ಲಿಯೂ ಇಟ್ಟುಕೊಳ್ಳಬೇಕು. ಕಚೇರಿಯಿಂದ ಪ್ರಶ್ನೆ ಬರುವ ಹೊತ್ತಿಗೆ ಅಸಲು ಪ್ರತಿ ಯಾವ ಕಡತದಲ್ಲಿದೆಯೆಂದು ಹೇಳಬಲ್ಲ ಗುಮಾಸ್ತರು ಬಹುಶಃ ಅಂದೇ ರಜೆಯಲ್ಲಿರುತ್ತಾರೆ.